ಸರ್ಕಾರಕ್ಕೆಂದು ತೆಗೆದಿಟ್ಟ ಹಳೇ ರಾಗಿ

ಇವತ್ತು ಬೆಳಿಗ್ಗೆ ಹಿಟ್ಟಿನ ಗಿರಣಿಗೆ ಹೋಗಿದ್ದೆ. ಕೋಲಾರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಅನ್ವರ್ ಭಾಯ್ ಗಿರಣಿ. ಅಂಗಡಿಯಲ್ಲಿ ಪ್ಯಾಕೆಟ್ ಹಿಟ್ಟು ಸಿಗುವ ಈ ಕಾಲದಲ್ಲೂ ನಾನು ಡಬ್ಬ ಹೊತ್ತುಕೊಂಡು ಅಲ್ಲಿಗೆ ಹೋಗುವುದು ಹಿಟ್ಟಿಗಿಂತ ಹೆಚ್ಚಾಗಿ ಆ ವಾಸನೆಗೆ. ಕಲ್ಲಿನಿಂದ ಬಿಸಿಬಿಸಿಯಾಗಿ ಸುರಿಯುವ ರಾಗಿ ಹಿಟ್ಟಿನ ವಾಸನೆ ಬಲ್ಲವರಿಗೆ ನಾನು ಅದನ್ನು ವರ್ಣಿಸಬೇಕಾಗಿಲ್ಲ, ಅರಿಯದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಅನ್ವರ್ ಭಾಯ್ ಡಬ್ಬದೊಳಗೆ ಕೈ ಹಾಕಿ ಒಂದು ಹಿಡಿ ರಾಗಿ ತೆಗೆದು, ಅಂಗೈಯಲ್ಲಿ ಆಡಿಸಿ, "ಹೊಸದಾ ಹಳೇದಾ ಮೇಡಂ?" ಎಂದರು. ಹೊಸ ರಾಗಿಯಲ್ಲಿ ಇನ್ನೂ ಹಸಿ ಇರುತ್ತದೆ, ಹಿಟ್ಟು ಕಲ್ಲಿಗೆ ಮೆತ್ತಿಕೊಳ್ಳುತ್ತದೆ, ಅದಕ್ಕೆ ಕೇಳುತ್ತಾರೆ. ವರ್ಷಾನುಗಟ್ಟಲೆಯಿಂದ ಕೇಳುತ್ತಲೇ ಇದ್ದಾರೆ. ಆದರೂ ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ನನಗೆ ನಗು ಬರುತ್ತದೆ, ನಗುವಿನ ಹಿಂದೆಯೇ ಒಂದಿಷ್ಟು ನಾಚಿಕೆಯೂ ಬರುತ್ತದೆ. ಏಕೆಂದರೆ ಇದೇ ಪ್ರಶ್ನೆ ಒಮ್ಮೆ ನಮ್ಮ ಮನೆಯಿಂದ ಹೊರಟು ಸಂಸತ್ತಿನವರೆಗೆ ಹೋಗಿ ಬಂದಿದೆ. ಕಾರಣ ನಾನೇ.

ಹೀಗೆಂದರೆ ನಾನು ಯಾರೋ ದೊಡ್ಡವಳು ಎಂದುಕೊಳ್ಳಬೇಡಿ. ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದವಳು. ಮಾಲೂರಿನಲ್ಲಿ ಶುರುಮಾಡಿ, ಶ್ರೀನಿವಾಸಪುರಕ್ಕೆ ವರ್ಗವಾಗಿ, ಕೋಲಾರದಲ್ಲಿ ನಿವೃತ್ತಿಯಾದೆ. ಸಂಸತ್ತಿನ ಪ್ರಶ್ನೋತ್ತರ ಅವಧಿ ಎಂದರೆ ನಮಗೆ ಐದು ಅಂಕದ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರ ಹೇಳುತ್ತಾರೆ, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ಇಷ್ಟು ಬರೆದರೆ ಮೂರು ಅಂಕ ಗ್ಯಾರಂಟಿ, ಉದಾಹರಣೆ ಕೊಟ್ಟರೆ ಇನ್ನೆರಡು. ಒಂದು ದಿನವೂ ಯಾವ ಹುಡುಗಿಯೂ, ಮಿಸ್, ನೀವು ಅಂಥ ಪ್ರಶ್ನೆ ನೋಡಿದ್ದೀರಾ ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಬಂಡವಾಳ ಬಯಲಾಗುತ್ತಿತ್ತು. ಎಲ್ಲ ಪುಸ್ತಕದ ಬದನೆಕಾಯಿ.

ಸಂಸತ್ತಿನಲ್ಲಿ ಆ ರಾಗಿಯ ಪ್ರಶ್ನೆ ಕೇಳಿದವರು ನಮ್ಮ ಎಂಪಿ ಸಾರ್. ಹೆಸರು ಬೇಡ, ಅವರಿಗೆ ಹೆಸರು ಹೇಳಿಸಿಕೊಳ್ಳುವ ಚಪಲ ಎಂದೂ ಇರಲಿಲ್ಲ. ಶ್ರೀನಿವಾಸಪುರದ ಕಡೆ ಮಾವಿನ ತೋಟದವರು. ದೆಹಲಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಬಟ್ಟೆಯ ಅಡಿಗೆ ರಾಗಿ ಹಿಟ್ಟು ಕಟ್ಟಿಕೊಂಡು ಹೋಗುತ್ತಿದ್ದವರು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದಿದ್ದರು. ಅವರನ್ನು ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಸಿಕ್ಕಿದ್ದೇ ಅವಕಾಶವೆಂದು ಪ್ರಜಾಪ್ರಭುತ್ವದಲ್ಲಿ ಪ್ರಶ್ನೆಯ ಪಾತ್ರ ಎಂಬ ವಿಷಯದ ಮೇಲೆ ಅವರಿಗಿಂತ ಹೆಚ್ಚು ಹೊತ್ತು ಮಾತಾಡಿದೆ. ಇಳಿದು ಬಂದಾಗ ಅವರು ಮೆಲ್ಲಗೆ, "ಮೇಡಂ, ಇಷ್ಟೆಲ್ಲ ಗೊತ್ತಿದೆಯಲ್ಲ, ಒಂದು ಪ್ರಶ್ನೆ ಬರ್ಕೊಡಿ ನೋಡೋಣ" ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಂದಿನ ಶನಿವಾರ ಅವರ ಕೋಲಾರದ ಕಚೇರಿಯಿಂದ ಫೋನ್ ಬಂತು.

ಹೀಗೆ ಶನಿವಾರ ಮಧ್ಯಾಹ್ನಗಳಲ್ಲಿ ನಾನು ಅವರ ಕಚೇರಿಯ ಮೂಲೆಯ ಮೇಜಿನಲ್ಲಿ ಕೂತು, ಹಳ್ಳಿಗಳಿಂದ ಬಂದ ಅರ್ಜಿಗಳನ್ನು ಸಂಸತ್ತಿನ ಪ್ರಶ್ನೆಗಳಾಗಿ ಇಂಗ್ಲಿಷಿನಲ್ಲಿ ಬರೆಯತೊಡಗಿದೆ. ನನ್ನ ಮೊದಲ ಕರಡನ್ನು ಅವರು ಎರಡು ಸಲ ಓದಿ, "ಇದು ಪ್ರಶ್ನೆ ಅಲ್ಲ ಮೇಡಂ, ಜಗಳ" ಎಂದು ವಾಪಸು ಕೊಟ್ಟರು. ಆಮೇಲೆ ನಿಯಮ ಹೇಳಿದರು. ಪ್ರಶ್ನೆಯಲ್ಲಿ ವಾದ ಇರಬಾರದು, ಊಹೆ ಇರಬಾರದು, ವ್ಯಂಗ್ಯ ಇರಬಾರದು, ವಿಶೇಷಣ ಇರಬಾರದು. ಇಷ್ಟು ಪದ ಮೀರಬಾರದು. ಇವನ್ನೆಲ್ಲ ತೆಗೆದರೆ ನಮ್ಮ ಜನರ ಅರ್ಜಿಗಳಲ್ಲಿ ಉಳಿಯುತ್ತಿದ್ದುದು ಊರಿನ ಹೆಸರು ಮತ್ತು ಸಹಿ. ಆದರೂ ಕಲಿತೆ.

ಅವರ ಪ್ರಶ್ನೆಗಳೆಲ್ಲ ಸುತ್ತಿ ಸುತ್ತಿ ಬರುತ್ತಿದ್ದುದು ಊಟದ ಹತ್ತಿರಕ್ಕೇ. ರಾಗಿ ತಿನ್ನುವ ಸೀಮೆಗೆ ರೇಷನ್ ಅಂಗಡಿಯಲ್ಲಿ ಬರೀ ಅಕ್ಕಿ ಏಕೆ. ರಾಗಿ ಖರೀದಿ ಕೇಂದ್ರ ಎಷ್ಟು ದಿನ ತೆರೆದಿರುತ್ತದೆ, ಬೆಳೆ ಕಣಕ್ಕೆ ಬರುವ ಮುಂಚೆಯೇ ಮುಚ್ಚಿದರೆ ಏನು ಮಾಡುವುದು. ಗೋಣಿಚೀಲ ಸಮಯಕ್ಕೆ ಬರುವುದಿಲ್ಲವೇಕೆ. ಹಾಸ್ಟೆಲಿನ ಮಕ್ಕಳ ತಟ್ಟೆಗೆ ವಾರಕ್ಕೆ ಎಷ್ಟು ಸಲ ಮುದ್ದೆ ಬೀಳುತ್ತದೆ. ಬೇರೆಯವರು ರೈಲು ಕೇಳಿದರೆ ನಮ್ಮವರು ಗೋಣಿಚೀಲ ಕೇಳುತ್ತಾರೆ ಎಂದು ಟೀ ಅಂಗಡಿಗಳಲ್ಲಿ ಜನ ಆಡಿಕೊಳ್ಳುತ್ತಿದ್ದರು. ರಾಗಿ ಎಂಪಿ ಎಂಬ ಅಡ್ಡಹೆಸರೂ ಬಿದ್ದಿತ್ತು. ನಾನು ಒಮ್ಮೆ ತಡೆಯಲಾರದೆ, ಸಾರ್, ನೀವು ಜೋರಾಗಿ ಒಂದು ಭಾಷಣ ಮಾಡಬಾರದೇ ಎಂದು ಕೇಳಿದೆ. ಅವರು, "ಭಾಷಣ ಮಾಡಿದ್ರೆ ಚಪ್ಪಾಳೆ ಬರುತ್ತೆ ಮೇಡಂ, ಪ್ರಶ್ನೆ ಕೇಳಿದ್ರೆ ಕಾಗದ ಬರುತ್ತೆ. ಚಪ್ಪಾಳೇನ ಯಾರಿಗೆ ತೋರಿಸೋಣ?" ಎಂದರು. ನಿಜಕ್ಕೂ ಅವರ ಬೀರುವಿನ ತುಂಬ ಕಾಗದಗಳೇ ಇದ್ದವು. ಹೆಚ್ಚಿನವುಗಳಲ್ಲಿ ವಿಷಯ ಪರಿಶೀಲನೆಯಲ್ಲಿದೆ ಎಂದಿರುತ್ತಿತ್ತು. ಆದರೆ ಎರಡು ವರ್ಷ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಪರಿಶೀಲನೆ ಒಂದು ಗೇಣು ಮುಂದೆ ಸರಿದಿರುತ್ತಿತ್ತು. ಅದೇ ಅವರಿಗೆ ಹಬ್ಬ.

ಇನ್ನು ನಮ್ಮತ್ತೆಯ ವಿಷಯಕ್ಕೆ ಬರುತ್ತೇನೆ. ಅತ್ತೆ ಎಂದರೆ ನನ್ನ ಗಂಡನ ತಾಯಿ, ಮುನಿವೆಂಕಟಮ್ಮ. ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಆಚೆ ನಮ್ಮ ಹಳ್ಳಿ. ಅಲ್ಲಿ ಅವರು ನಮ್ಮ ಭಾವ, ಭಾವನ ಹೆಂಡತಿ, ಮೊಮ್ಮಕ್ಕಳು, ಹಸುಗಳು, ಎಲ್ಲರ ಮೇಲೂ ಸಮನಾಗಿ ಅಧಿಕಾರ ನಡೆಸಿಕೊಂಡು ಇದ್ದಾರೆ. ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಸಿಟ್ಟು ಬಂದರೆ ಪೂರ್ತಿ ತೆಲುಗು, ತೀರಾ ಸಿಟ್ಟು ಬಂದರೆ ಮೌನ. ನಡುಮನೆಯಲ್ಲಿ ಆಳೆತ್ತರದ ಎರಡು ಮಣ್ಣಿನ ವಾಡೆಗಳಿವೆ. ಒಂದರಲ್ಲಿ ಈ ವರ್ಷದ ರಾಗಿ, ಇನ್ನೊಂದರಲ್ಲಿ ಹಿಂದಿನದು, ಬೇವಿನ ಎಲೆಯ ಜೊತೆ.

ನಮ್ಮ ಸೀಮೆಯಲ್ಲಿ ಹೊಸ ರಾಗಿಗೆ ಅಷ್ಟು ಮರ್ಯಾದೆ ಇಲ್ಲ. ಹೊಸದರ ಮುದ್ದೆ ಬೆರಳಿಗೆ ಅಂಟುತ್ತದೆ, ಗಂಟಲಲ್ಲಿ ತಡೆಯುತ್ತದೆ, ಹೊಟ್ಟೆ ಹಿಡಿಯುತ್ತದೆ ಎನ್ನುತ್ತಾರೆ. ವಾಡೆಯಲ್ಲಿ ಒಂದೆರಡು ವರ್ಷ ಕೂತು ಬಂದ ರಾಗಿಯೇ ರಾಗಿ. ಮುರಿದು ಉಪ್ಸಾರಿನಲ್ಲಿ ಅದ್ದಿದರೆ ತಾನಾಗಿ ಒಳಗೆ ಇಳಿಯುತ್ತದೆ. ಬಾಣಂತಿಗೆ ಹಳೇ ರಾಗಿ, ಬೀಗರು ಬಂದರೆ ಹಳೇ ರಾಗಿ. ಹೊಸದನ್ನು ಮನೆಯವರು ಹೇಗೋ ತಿಂದು ಮುಗಿಸುತ್ತಾರೆ.

ಆ ವರ್ಷ ಸರ್ಕಾರ ಮುಳಬಾಗಿಲಿನಲ್ಲಿ ರಾಗಿ ಕೊಳ್ಳುತ್ತದೆ ಎಂದು ಗೊತ್ತಾಗಿ, ಅತ್ತೆಯ ಹೆಸರಿನಲ್ಲಿ ನೋಂದಣಿ ಮಾಡಿಸಿದ್ದೆ. ಹೆಬ್ಬೆಟ್ಟು ಒತ್ತಲು ಅವರೇ ಬರಬೇಕು. ಭಾವನಿಗೆ ಬಿಡುವಿರಲಿಲ್ಲವಾಗಿ ಜೊತೆಗೆ ನಾನು ಹೊರಟೆ. ಓದಿದ ಸೊಸೆ, ರಾಗಿ ಎಂಪಿಯ ಕಚೇರಿಯಲ್ಲಿ ಓಡಾಡುವವಳು, ನನಗಿಂತ ತಕ್ಕವರು ಯಾರು? ನಾಲ್ಕು ಮೂಟೆ ಆಗಲೇ ಟೆಂಪೋದಲ್ಲಿದ್ದವು. ಯಾವ ವಾಡೆಯದು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕೇಂದ್ರದಲ್ಲಿ ಉದ್ದ ಸಾಲು. ನಮ್ಮ ಸರದಿ ಬಂದಾಗ ಗುಣಮಟ್ಟ ನೋಡುವ ಅಧಿಕಾರಿ, ವಯಸ್ಸಿನಲ್ಲಿ ಚಿಕ್ಕವರು, ಸಭ್ಯರು, ಮೂಟೆಯಿಂದ ಒಂದಿಷ್ಟು ರಾಗಿ ತಟ್ಟೆಗೆ ಹಾಕಿಕೊಂಡರು. ಕಲ್ಲಿಲ್ಲ, ಹೊಟ್ಟಿಲ್ಲ. ತೇವಾಂಶ ನೋಡುವ ಯಂತ್ರಕ್ಕೆ ಹಾಕಿದರು, ಅದೂ ಒಪ್ಪಿತು. ಇಷ್ಟು ಒಣಗಿದ ರಾಗಿ ಇವತ್ತು ಇದೇ ಮೊದಲು ಎಂದು ಅವರು ಮೆಚ್ಚಿಕೊಂಡಾಗ ನನ್ನ ಮುಖ ಅರಳಿತು. ಅಷ್ಟಕ್ಕೇ ಬಂದುಬಿಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಹೊಗಳಿಕೆ ಕೇಳಿದ ಮೇಲೆ ಅತ್ತೆ ಸುಮ್ಮನಿರುವುದುಂಟೇ? ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಅವರಿಗೆ ಗೊತ್ತಿಲ್ಲವೆಂದಲ್ಲ, ತಮಗೆ ಅನ್ವಯಿಸುವುದಿಲ್ಲ ಎಂದು ತಿಳಿದಿದ್ದಾರೆ.

"ಒಣಗದೆ ಏನ್ ಸ್ವಾಮಿ, ಎರಡು ವರ್ಷದ್ದು ಕದಾ" ಎಂದರು, ಹೆಮ್ಮೆಯಿಂದ. "ಒಂದು ಹುಳ ಇದ್ರೆ ತೋರ್ಸಿ."

ಅಧಿಕಾರಿಯ ಕೈ ಅಲ್ಲೇ ನಿಂತಿತು. "ಹಳೇ ರಾಗಿ ತಗೊಳಂಗಿಲ್ಲ ಅಜ್ಜಿ. ಈ ವರ್ಷದ ಬೆಳೆ ಇದ್ರೆ ತನ್ನಿ" ಎಂದರು.

"ಈ ವರ್ಷದ್ದು ಮನೇಲೈತೆ. ಅದು ನಮಗೆ. ಇದು ನಿಮಗೆ."

ಅವರಿಗೆ ಅರ್ಥವಾಗಲಿಲ್ಲ. ಅತ್ತೆ ಬಿಡಿಸಿ ಹೇಳತೊಡಗಿದರು. ಈ ರಾಗಿ ರೇಷನ್ ಅಂಗಡಿಗೆ ಹೋಗುತ್ತದೆ, ಹಾಸ್ಟೆಲಿಗೆ ಹೋಗುತ್ತದೆ, ಯಾರ್ಯಾರೋ ಮಕ್ಕಳು ತಿನ್ನುತ್ತಾರೆ. ಅಂಥವರಿಗೆ ಯಾರಾದರೂ ಹೊಸ ರಾಗಿ ಹಾಕುತ್ತಾರೆಯೇ? ಇದನ್ನು ಅವರು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ಹೇಳಿದರು. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಯಾರೋ, ಕೆಟ್ಟ ರಾಗಿ ತಂದು ಸರ್ಕಾರಕ್ಕೆ ತುಂಬಲು ನೋಡುತ್ತಿದ್ದಾರೆ ಎಂದರು. ನನಗೆ ಅವಮಾನವೆನಿಸಿತು. ಆಗ ನಾನು ಮಾಡಿದ್ದನ್ನು ನಿಮಗೆ ಹೇಳದೆ ವಿಧಿಯಿಲ್ಲ. ಅಧಿಕಾರಿಯ ಕಡೆ ತಿರುಗಿ, ತರಗತಿಯ ಧ್ವನಿಯಲ್ಲಿ, ನಗುನಗುತ್ತ ಹೇಳಿದೆ, "ಬಿಡಿ ಸಾರ್, ಹಳ್ಳಿಯವರು, ಅವರಿಗೆ ತಿಳಿಯಲ್ಲ."

ಅತ್ತೆಯ ಮಾತು ಅಲ್ಲಿಗೇ ನಿಂತಿತು. ನಾಲ್ಕು ಮೂಟೆಯೂ ಟೆಂಪೋ ಹತ್ತಿ ವಾಪಸು ಹೊರಟವು. ಬೈರಕೂರಿನವರೆಗೂ ಅವರು ನನ್ನ ಕಡೆ ತಿರುಗಲಿಲ್ಲ. ಊರು ಸೇರಿದ ಮೇಲೆ ಗೊತ್ತಾಯಿತು, ಅವರ ಮಾತು ಕೇಳಿ ಊರಿನ ಇನ್ನೂ ಎರಡು ಮನೆಯವರು ಸರ್ಕಾರಕ್ಕೆಂದು ಹಳೇ ರಾಗಿಯನ್ನೇ ಮೂಟೆ ಕಟ್ಟಿಟ್ಟಿದ್ದರು. ಅವರು ಬಿಚ್ಚಿ ಮತ್ತೆ ವಾಡೆಗೆ ಸುರಿದುಕೊಂಡರು.

ನಾವು ವಾರಕ್ಕೊಮ್ಮೆ ಊರಿಗೆ ಹೋಗುತ್ತಿದ್ದೆವು. ಅತ್ತೆ ಎಂದಿನಂತೆ ಮುದ್ದೆ ಬಡಿಸುತ್ತಿದ್ದರು, ಏನೂ ಆಗದವರಂತೆ. ಆದರೆ ನನಗೇಕೋ ಪ್ರತಿ ಸಲ ಮುದ್ದೆ ಬೆರಳಿಗೆ ಅಂಟುತ್ತಿತ್ತು. ಪಕ್ಕದಲ್ಲಿ ನನ್ನ ಗಂಡ ನಿರಾಯಾಸವಾಗಿ ನುಂಗುತ್ತಿದ್ದರೆ ನಾನು ನೀರು ಕುಡಿದು ಇಳಿಸುತ್ತಿದ್ದೆ. ವಯಸ್ಸಾಯಿತು, ಗಂಟಲ ಡಾಕ್ಟರಿಗೆ ತೋರಿಸೋಣ ಎಂದುಕೊಂಡೆ. ನಾಲ್ಕನೇ ವಾರ ವಾರಗಿತ್ತಿ ಹಿತ್ತಲಿಗೆ ಕರೆದು, ನಗು ತಡೆದುಕೊಂಡು, "ಡಾಕ್ಟ್ರು ಬೇಡ ಕಣೇ. ನಿನಗೆ ಮಾತ್ರ ಹೊಸ ರಾಗೀದು ಬೇರೆ ತಿರುವ್ತಾರೆ" ಎಂದಳು.

ಇಷ್ಟು ವಯಸ್ಸಿನಲ್ಲಿ ಇನ್ನೊಬ್ಬಳಿಗಾಗಿ ಬೇರೆ ಪಾತ್ರೆ ಇಟ್ಟು, ಬೇರೆ ಎಸರು ಕಾಯಿಸಿ, ಬೇರೆ ಮುದ್ದೆ ತಿರುವುವ ಛಲ ನೋಡಿ ನನಗೆ ಮೊದಲು ನಗು ಬಂತು. ಆಮೇಲೆ ಅಳು ಬಂತು. ಅವರ ದುಃಖ ಮೂಟೆ ವಾಪಸು ಬಂದದ್ದಕ್ಕಲ್ಲ ಎಂದು ಆಗ ತಿಳಿಯಿತು. ರಾಗಿ ಕೆಟ್ಟದ್ದು ಎನಿಸಿಕೊಂಡು ಊರಿಗೆ ಬಂತು. ಆ ಮಾತನ್ನು ಯಾರಾದರೂ ವಾಪಸು ತೆಗೆದುಕೊಳ್ಳಬೇಕಿತ್ತು.

ಯಾರು ಎಂದು ಯೋಚಿಸಿದೆ. ನನಗೆ ಹೊಳೆದದ್ದು ಭಾರತ ಸರ್ಕಾರ.

ಶನಿವಾರ ಎಂಪಿ ಸಾರ್ ಮುಂದೆ ಕತೆಯನ್ನೆಲ್ಲ ಹೇಳಿದೆ. "ಅದು ನಮಗೆ, ಇದು ನಿಮಗೆ" ಎಂಬ ಮಾತು ಬಂದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಳೇ ರಾಗಿ ಕೊಳ್ಳಬಾರದೆಂಬ ನಿಯಮ ಏಕಿದೆ ಎಂದೂ ಅವರೇ ತಿಳಿಸಿದರು. ಹೋದ ವರ್ಷ ರೈತರಿಂದ ಅಗ್ಗಕ್ಕೆ ಕೊಂಡಿಟ್ಟದ್ದನ್ನು ಈ ವರ್ಷ ರೈತರ ಹೆಸರಿನಲ್ಲಿ ತಂದು ಸುರಿಯುವ ವ್ಯಾಪಾರಿಗಳನ್ನು ತಡೆಯಲು ಮಾಡಿದ್ದು ಅದು, ತಪ್ಪಲ್ಲ. "ಆದ್ರೆ ನಿಮ್ಮತ್ತೆಯಂಥೋರು ಬರ್ತಾರೆ ಅಂತ ಬರೆದೋರಿಗೆ ಗೊತ್ತಿರಲಿಲ್ಲ ಮೇಡಂ" ಎಂದರು. ಆಮೇಲೆ, ಅಲ್ಲಿ ನೀವು ಏನಂದಿರಿ ಎಂದು ಕೇಳಿದರು. ಏನೂ ಅನ್ನಲಿಲ್ಲ ಸಾರ್ ಎಂದು ಸುಳ್ಳು ಹೇಳಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಬರೀರಿ ಎಂದರು.

ಬರೆದೆ. ನನ್ನ ಜೀವಮಾನದಲ್ಲಿ ಯಾವ ಪ್ರಶ್ನೆಪತ್ರಿಕೆಗೂ ಅಷ್ಟು ಬೆವರು ಸುರಿಸಿಲ್ಲ. ಅತ್ತೆಯ ಮಾತಿನಲ್ಲಿ ಇದ್ದುದೇ ವಾದ, ಊಹೆ, ವ್ಯಂಗ್ಯ, ವಿಶೇಷಣ. ಒಂದೊಂದಾಗಿ ಕಿತ್ತು ಹಾಕಿದ ಮೇಲೆ ನಾಲ್ಕು ಸಾಲು ಉಳಿದವು. ಒಂದು ವರ್ಷ ಮೀರಿ ಸಂಗ್ರಹಿಸಿಟ್ಟ ರಾಗಿಯು ಮನುಷ್ಯರ ಆಹಾರಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಭಾವಿಸುತ್ತದೆಯೇ. ಹಾಗಿದ್ದಲ್ಲಿ ಅದರ ವಿವರಗಳೇನು. ರೈತರು ಮನೆಯಲ್ಲಿ ಕಾಪಿಟ್ಟ ಹಳೆಯ ರಾಗಿಯನ್ನು ಖರೀದಿಸುವ ಪ್ರಸ್ತಾಪ ಇದೆಯೇ. ಇಲ್ಲದಿದ್ದಲ್ಲಿ ಕಾರಣವೇನು. ದೆಹಲಿಯಲ್ಲಿ ಚೀಟಿ ಎತ್ತಿ ಪ್ರಶ್ನೆಗಳನ್ನು ಆರಿಸುತ್ತಾರೆ. ನಮ್ಮದು ಬಂತು, ಚುಕ್ಕೆ ಇಲ್ಲದ ಪಟ್ಟಿಯಲ್ಲಿ.

ಕೆಲವು ವಾರಗಳ ಮೇಲೆ ಉತ್ತರದ ಕಾಗದ ನನ್ನ ಕೈಗೆ ಬಂದಾಗ ನಿರಾಶೆಯಾಯಿತು. ಮೊದಲನೆಯದಕ್ಕೆ ಒಂದೇ ಪದ, ಇಲ್ಲ. ಎರಡನೆಯದಕ್ಕೆ, ಪ್ರಶ್ನೆ ಉದ್ಭವಿಸುವುದಿಲ್ಲ. ಉಳಿದೆರಡಕ್ಕೆ ಸೇರಿಸಿ, ಖರೀದಿ ಆಯಾ ಹಂಗಾಮಿನ ಬೆಳೆಗೆ ಮಾತ್ರ ಎಂಬ ಗೊತ್ತಿದ್ದ ವಿಷಯವೇ. ಇಷ್ಟಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎನಿಸಿತು. ಎಂಪಿ ಸಾರ್ ಮಾತ್ರ ಆ ಮೊದಲನೇ ಪದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು, ಇದನ್ನು ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿ ಎಂದರು.

ಹೋದೆ. ಹುಣಸೆಹಣ್ಣಿನ ಕಾಲ. ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು. ಕಾಗದ ನೋಡಿ, ಏನದು ಎನ್ನುವಂತೆ ಗದ್ದ ಎತ್ತಿದರು. ಸಂಸತ್ತಿನಲ್ಲಿ ನಿಮ್ಮ ರಾಗಿಯ ವಿಷಯ ಕೇಳಿದ್ದಾರೆ, ಉತ್ತರ ಬಂದಿದೆ ಎಂದೆ. ಗಟ್ಟಿಯಾಗಿ ಓದಲು ಹೇಳಿದರು. ವಾರಗಿತ್ತಿಯೂ ಬಂದು ಬಾಗಿಲಲ್ಲಿ ನಿಂತಳು. ವರ್ಷ ಮೀರಿದ ರಾಗಿ ತಿನ್ನಲು ಯೋಗ್ಯವಲ್ಲ ಎಂದು ಸರ್ಕಾರ ಹೇಳುತ್ತದೆಯೇ ಎಂದು ಕೇಳಿದ್ದಕ್ಕೆ, ಇಲ್ಲ ಅಂತ ಹೇಳಿದ್ದಾರೆ ಅತ್ತೆ, ನಿಮ್ಮ ರಾಗಿ ಕೆಟ್ಟದ್ದಲ್ಲ ಎಂದೆ. ಉಳಿದದ್ದನ್ನು ಓದಲು ಹೋದಾಗ ಕೈ ಅಡ್ಡ ತಂದರು. ಅಷ್ಟು ಸಾಕಂತೆ.

ಒಂದೆರಡು ಹಣ್ಣು ಬಡಿದರು. ಆಮೇಲೆ ಕೋಲು ಕೆಳಗಿಟ್ಟು, ಎಷ್ಟೋ ವಾರಗಳ ಮೇಲೆ ಮೊದಲ ಸಲ ನೇರವಾಗಿ ನನ್ನನ್ನು ನೋಡಿ ಹೇಳಿದರು.

"ಈ ಮಾತು ಅವತ್ತು ನೀನೇ ಅಂದಿದ್ರೆ ಸಾಕಿತ್ತು ಅಮ್ಮಾಯಿ. ಡೆಲ್ಲಿ ತನಕ ಯಾಕೆ ಹೋದೆ?"

ವಿಶೇಷಣವಿಲ್ಲದ, ವ್ಯಂಗ್ಯವಿಲ್ಲದ ಪ್ರಶ್ನೆ. ಪಕ್ಕದಲ್ಲಿ ಕೂತೆ, ತಪ್ಪಾಯಿತು ಅತ್ತೆ ಎಂದೆ. ಅವರು ನನ್ನ ಮುಂದೆ ಒಂದು ರಾಶಿ ಹುಣಸೆಹಣ್ಣು ತಳ್ಳಿದರು. ಕತ್ತಲಾಗುವವರೆಗೆ ಬಡಿದೆವು.

ಎಂಪಿ ಸಾರ್ ಈಗ ಎಂಪಿ ಅಲ್ಲ. ಮಾವಿನ ಕಾಲದಲ್ಲಿ ಅವರ ತೋಟಕ್ಕೆ ಹೋಗುತ್ತೇನೆ. ಬೀರುವಿನ ಕಾಗದಗಳನ್ನೆಲ್ಲ ರಟ್ಟು ಹಾಕಿಸಿ ಇಟ್ಟುಕೊಂಡಿದ್ದಾರೆ. ಅತ್ತೆ ಹೇಳಿದ ಮಾತನ್ನೂ, ಅಂದು ನಾನು ಹೇಳಿದ ಸುಳ್ಳನ್ನೂ ತಡವಾಗಿ ಒಪ್ಪಿಸಿದಾಗ ಅವರು ಬಹಳ ಹೊತ್ತು ನಕ್ಕರು. ಸುಳ್ಳು ಅವರಿಗೆ ಆಗಲೇ ಗೊತ್ತಿತ್ತಂತೆ. ಏನೂ ತಪ್ಪು ಮಾಡದವರು ಅಷ್ಟು ಚೆನ್ನಾಗಿ ಪ್ರಶ್ನೆ ಬರೆಯುವುದಿಲ್ಲ ಎಂದರು.

ಮೊನ್ನೆ ಈ ವರ್ಷದ ಖರೀದಿ ಶುರುವಾಯಿತು. ಮತ್ತೆ ಅತ್ತೆಯ ಹೆಬ್ಬೆಟ್ಟು, ಮತ್ತೆ ಟೆಂಪೋ, ಮತ್ತೆ ಉದ್ದ ಸಾಲು. ಈ ಸಲ ಮೂಟೆಯಲ್ಲಿ ಹೊಸ ರಾಗಿಯೇ ಇತ್ತು. ಒಲ್ಲದ ಮನಸ್ಸಿನಿಂದಲೇ ತುಂಬಿಸಿದ್ದರು. ಅಧಿಕಾರಿ ಬೇರೆಯವರು. ಒಂದು ಹಿಡಿ ತಟ್ಟೆಗೆ ಹಾಕಿಕೊಂಡು, ಯಾವ ವರ್ಷದ್ದು ಎಂದು ಕೇಳಿದರು. ಅತ್ತೆ ಬಾಯಿ ತೆರೆಯಲಿಲ್ಲ. ನನ್ನ ಕಡೆಗೂ ನೋಡಲಿಲ್ಲ, ಸುಮ್ಮನೆ ಮೂಟೆಯ ಬಾಯಿ ಹಿಡಿದು ನಿಂತಿದ್ದರು. ಅಷ್ಟು ಹುಷಾರಾಗಿ ಸುಮ್ಮನೆ ನಿಲ್ಲುವುದು ಅವರ ಗುಣವಲ್ಲ. ಅದನ್ನು ಅವರಿಗೆ ಕಲಿಸಿದವಳು ನಾನೇ.

"ಈ ವರ್ಷದ್ದೇ ಸಾರ್" ಎಂದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ. "ಮನೇಲಿ ಇದಕ್ಕಿಂತ ಒಳ್ಳೇದಿದೆ, ಎರಡು ವರ್ಷದ್ದು. ನಮ್ಮತ್ತೆ ಅದನ್ನೇ ಕೊಡೋರು. ನೀವು ತಗೊಳಲ್ಲ."

ಅಧಿಕಾರಿ ತಲೆ ಎತ್ತಿ ಅತ್ತೆಯನ್ನು ನೋಡಿದರು. "ಗೊತ್ತು ಮೇಡಂ, ನಮ್ಮನೇಲೂ ಹಳೇದೇ ತಿನ್ನೋದು" ಎಂದು ಮೆಲ್ಲಗೆ ಹೇಳಿ, ಚೀಟಿ ಹರಿದು ಕೊಟ್ಟರು.

ಮೂಟೆಗಳು ಒಳಗೆ ಹೋದವು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ಅತ್ತೆಯನ್ನು, ಇವರು ಯಾರು, ಆಫೀಸಿನವರಾ ಎಂದು ಕೇಳಿದಳು. ಅತ್ತೆ ಸೆರಗು ಸರಿಮಾಡಿಕೊಂಡರು.

"ನಮ್ಮ ಚಿಕ್ಕ ಸೊಸೆ" ಎಂದರು. "ರಾಗಿ ವಿಚಾರ ತಿಳಿದೋಳು."